ಯಾವ ಪತ್ತೇದಾರನ ಬೆನ್ನು ಹತ್ತಬೇಕು? ಅಪರಾಧ ಕಾದಂಬರಿ ಸರಣಿಗಳ ಒಂದು ಹೋಲಿಕೆ

ಒಂದು ಪತ್ತೇದಾರಿ ಕಾದಂಬರಿಯನ್ನು ಕೊಳ್ಳುವುದಕ್ಕೂ ಒಂದು ಸರಣಿಯನ್ನು ಆರಿಸಿಕೊಳ್ಳುವುದಕ್ಕೂ ಬಹಳ ವ್ಯತ್ಯಾಸವಿದೆ. ಪುಸ್ತಕ ಹಿಡಿಸದಿದ್ದರೆ ಎರಡು ಸಂಜೆ ಹೋದವು ಎಂದುಕೊಂಡು ಬದಿಗಿಡಬಹುದು. ಸರಣಿಯಾದರೆ ಒಬ್ಬನೇ ಪತ್ತೇದಾರನ ಜೊತೆ, ಅವನ ಊರು, ಕಚೇರಿ, ಚಟಗಳ ಜೊತೆ ತಿಂಗಳುಗಟ್ಟಲೆ ಇರಬೇಕಾಗುತ್ತದೆ. ರಾಯಚೂರಿನಂಥ ಊರಿನಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ. ನಾಲ್ಕಾರು ಸರಣಿಗಳ ಮೊದಲ ಪುಟಗಳನ್ನು ಅಂಗಡಿಯಲ್ಲಿ ನಿಂತಲ್ಲೇ ತಿರುವಿ ನೋಡಿ ಆರಿಸುವ ಅನುಕೂಲ ಇಲ್ಲಿ ಕಡಿಮೆ. ನಮ್ಮಲ್ಲಿ ಹೆಚ್ಚಿನವರು ಹೆಸರು ಕೇಳಿ ತರಿಸಿಕೊಳ್ಳುವವರು, ಇಲ್ಲವೇ ಹೈದರಾಬಾದಿನ ಆಬಿಡ್ಸ್‌ನಲ್ಲಿ ಭಾನುವಾರ ಹರಡಿಕೊಳ್ಳುವ ಹಳೆಯ ಪುಸ್ತಕಗಳ ರಾಶಿಯಿಂದ ಕೈಗೆ ಸಿಕ್ಕಿದ್ದನ್ನು ತರುವವರು. ಹೀಗಾಗಿ ಸರಣಿಯ ಏಳನೆಯ ಪುಸ್ತಕ ಮೊದಲು ಸಿಕ್ಕಿ, ಅದನ್ನೇ ಮೊದಲು ಓದಿ, ಉಳಿದ ಆರರ ರುಚಿ ಕೆಡಿಸಿಕೊಂಡವರು ನನ್ನ ಪರಿಚಯದವರಲ್ಲಿಯೇ ಇದ್ದಾರೆ.

ಶಾಲೆಯ ದಿನಗಳಿಂದ ಇಂದಿನವರೆಗೆ ನಾನು ಬಿಡದೆ ಓದಿಕೊಂಡು ಬಂದಿರುವುದು ಅಪರಾಧ ಕಾದಂಬರಿಗಳನ್ನು. ಯಾವ ಸರಣಿಯಿಂದ ಆರಂಭಿಸಬೇಕೆಂದು ಕೇಳುವವರಿಗೆ ನಾನು ಮರುಪ್ರಶ್ನೆಯೊಂದನ್ನು ಹಾಕುತ್ತೇನೆ: ಕೊಲೆಗಾರ ಯಾರೆಂದು ತಿಳಿದುಹೋದ ಮೇಲೂ ಆ ಪುಸ್ತಕವನ್ನು ನೀವು ಮತ್ತೆ ಕೈಗೆತ್ತಿಕೊಳ್ಳಬೇಕೇ, ಅಥವಾ ಒಮ್ಮೆ ಓದಿ ಬೇರೆಯವರಿಗೆ ಕೊಟ್ಟುಬಿಟ್ಟರೆ ಸಾಕೇ? ಎರಡೂ ನ್ಯಾಯವಾದ ಓದುಗಳೇ. ಆದರೆ ಸರಣಿಯ ಆಯ್ಕೆ ಈ ಉತ್ತರದ ಮೇಲೆಯೇ ನಿಲ್ಲುತ್ತದೆ. ಒಗಟಿಗಾಗಿ ಓದುವವರಿಗೆ ಒಂದು ಸರಣಿ, ಮನುಷ್ಯರಿಗಾಗಿ ಓದುವವರಿಗೆ ಇನ್ನೊಂದು, ಒಂದು ಊರು ಮತ್ತು ಅದರ ವ್ಯವಸ್ಥೆಯನ್ನು ಪೊಲೀಸರ ಕಣ್ಣಿನಿಂದ ನೋಡಬಯಸುವವರಿಗೆ ಮತ್ತೊಂದು ಸಲ್ಲುತ್ತದೆ. ಈ ಮೂರನೆಯ ಬಗೆಯಲ್ಲಿ ನನ್ನ ಒಲವು ಯಾವುದರ ಕಡೆಗೆ ಎಂಬುದನ್ನು ಮುಚ್ಚಿಡುವ ಉದ್ದೇಶ ನನಗಿಲ್ಲ. ಅದರ ಮಾತಿಗೆ ಬರುವ ಮೊದಲು ಉಳಿದವನ್ನು ಅವುಗಳ ಯೋಗ್ಯತೆಗೆ ತಕ್ಕಂತೆ ನೋಡೋಣ.

ನಮ್ಮ ಭಾಗದಲ್ಲಿ ಮೊದಲಿನಿಂದ ಇದ್ದವು

ಈ ಭಾಗದ ಓದುಗನಿಗೆ ಪತ್ತೇದಾರಿ ಸರಣಿಯೆಂಬುದು ಇಂಗ್ಲಿಷಿನಿಂದ ಬಂದ ಹೊಸ ವಸ್ತುವಲ್ಲ. ರಾಯಚೂರು, ಕೊಪ್ಪಳದ ಸೀಮೆ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ಉರ್ದು ಮಾಧ್ಯಮದಲ್ಲಿ ಕಲಿತ ಅಂದಿನ ತಲೆಮಾರಿಗೆ ಇಬ್ನೆ ಸಫಿಯ ಹೆಸರು ಹೇಳಿದರೆ ಸಾಕು, ಮಾತು ಮುಂದುವರಿಯುತ್ತದೆ. 1952ರಲ್ಲಿ ಅಲಹಾಬಾದಿನಿಂದ ಆರಂಭವಾದ ‘ಜಾಸೂಸಿ ದುನಿಯಾ’ದಲ್ಲಿ ಗಂಭೀರ ಸ್ವಭಾವದ ಫರೀದಿ ಮತ್ತು ಹಾಸ್ಯಗಾರ ಹಮೀದ್ ಜೋಡಿಯಿದ್ದರೆ, 1955ರಿಂದ ಬಂದ ಇನ್ನೊಂದು ಸರಣಿಯಲ್ಲಿ ಪೆದ್ದನಂತೆ ನಟಿಸುತ್ತಲೇ ಎಲ್ಲರನ್ನೂ ಆಟವಾಡಿಸುವ ಇಮ್ರಾನ್ ಇದ್ದಾನೆ. ಎರಡೂ ಸೇರಿದರೆ ಇನ್ನೂರನ್ನು ಮೀರುವ ಕಾದಂಬರಿಗಳಾಗುತ್ತವೆ. ಉರ್ದು ಓದಬಲ್ಲವರು ಇವನ್ನು ಬಿಟ್ಟು ಬೇರೆಡೆಗೆ ಹೋಗುವ ಅವಸರ ಮಾಡಬೇಕಿಲ್ಲ; ಆ ಮಾತುಗಳ ಚುರುಕು ಇಂಗ್ಲಿಷ್ ಅನುವಾದದಲ್ಲಿ ಅರ್ಧಕ್ಕರ್ಧ ಸೋರಿಹೋಗುತ್ತದೆ. ಬಳ್ಳಾರಿಯ ಕಡೆ, ಹಾಗೆಯೇ ರಾಯಚೂರಿನ ಗಡಿಯ ಹಳ್ಳಿಗಳಲ್ಲಿ, ಮನೆಯಲ್ಲಿ ತೆಲುಗು ಓದುವವರು ಬಹಳ. ಅವರಿಗೆ ಕೊಮ್ಮೂರಿ ಸಾಂಬಶಿವರಾವು ಸೃಷ್ಟಿಸಿದ ಡಿಟೆಕ್ಟಿವ್ ಯುಗಂಧರ್ ಮತ್ತು ಅವನ ಸಹಾಯಕ ರಾಜು, ಆಮೇಲೆ ಬಂದ ಮಧುಬಾಬು ಅವರ ಷಾಡೋ ಗೊತ್ತಿರುತ್ತವೆ. ಷಾಡೋ ಸರಣಿಯಲ್ಲಿ ಗೂಢಚಾರಿಕೆಯ ಸಾಹಸವೇ ಹೆಚ್ಚು, ಪತ್ತೆಯ ಕೆಲಸ ಕಡಿಮೆ.

ಕನ್ನಡದಲ್ಲಿ ಎನ್. ನರಸಿಂಹಯ್ಯನವರನ್ನು ಬಿಟ್ಟು ಮಾತನಾಡುವಂತಿಲ್ಲ. ಹೆಚ್ಚಿನ ಶಾಲಾ ಓದಿಲ್ಲದ ಅವರು ಐನೂರಕ್ಕೂ ಮೀರಿ ಕಾದಂಬರಿಗಳನ್ನು ಬರೆದರು. ಪುರುಷೋತ್ತಮ, ಮಧುಸೂದನ, ಅರಿಂಜಯ ಮುಂತಾದ ಅವರ ಪತ್ತೇದಾರರು ಬಾಡಿಗೆ ಪುಸ್ತಕದ ಅಂಗಡಿಗಳ ಕಾಲದಲ್ಲಿ ಊರೂರು ತಿರುಗಿದರು. ಅವುಗಳ ಕಥಾಸಂವಿಧಾನವನ್ನು ಇಂದಿನ ಓದುಗ ಅರ್ಧದಲ್ಲಿಯೇ ಊಹಿಸಿಬಿಡುತ್ತಾನೆ ಎಂಬುದು ನಿಜ. ಆದರೂ ಸಣ್ಣ ವಾಕ್ಯ, ತಡೆಯಿಲ್ಲದ ಓಟ ಮತ್ತು ಅಧ್ಯಾಯವನ್ನು ಸರಿಯಾದ ಜಾಗದಲ್ಲಿ ತುಂಡರಿಸುವ ಜಾಣ್ಮೆಯಿಂದಾಗಿ ಓದನ್ನೇ ಬಿಟ್ಟಿರುವ ಒಬ್ಬರನ್ನು ಮತ್ತೆ ಪುಸ್ತಕಕ್ಕೆ ಎಳೆದು ತರಲು ಇವಕ್ಕಿಂತ ಒಳ್ಳೆಯ ಉಪಾಯ ಕನ್ನಡದಲ್ಲಿ ಇನ್ನೂ ನನಗೆ ಕಂಡಿಲ್ಲ. ಇಡೀ ಸರಣಿಯನ್ನು ಜೋಡಿಸುವ ಆಸೆಯಿಟ್ಟುಕೊಳ್ಳುವುದು ಮಾತ್ರ ವ್ಯರ್ಥ. ಸಿಕ್ಕಿದ್ದನ್ನು ಓದಬೇಕು, ಕ್ರಮದ ಗೊಡವೆ ಅಲ್ಲಿಲ್ಲ.

ಹೋಮ್ಸ್: ರೈಲಿನ ಓದು

ಆರ್ಥರ್ ಕಾನನ್ ಡಾಯ್ಲ್ ಬರೆದ ಷರ್ಲಾಕ್ ಹೋಮ್ಸ್ ಸಾಹಿತ್ಯ ಒಟ್ಟು 4 ಕಾದಂಬರಿಗಳು ಮತ್ತು 56 ಸಣ್ಣ ಕಥೆಗಳಷ್ಟೆ. 1887ರಲ್ಲಿ ಆರಂಭವಾಗಿ 1927ರವರೆಗೆ ನಡೆದ ಈ ಸರಣಿಯನ್ನು ಲೇಖಕರೇ 1893ರಲ್ಲಿ ನಾಯಕನನ್ನು ಸಾಯಿಸಿ ಮುಗಿಸಲು ನೋಡಿದರು, ಓದುಗರು ಬಿಡಲಿಲ್ಲ. ಕಾನನ್ ಡಾಯ್ಲ್ 1930ರಲ್ಲಿ ತೀರಿಕೊಂಡದ್ದರಿಂದ ನಮ್ಮ ದೇಶದ ಕಾಯಿದೆಯ ಪ್ರಕಾರ ಹಕ್ಕುಸ್ವಾಮ್ಯದ ಅವಧಿ ಎಂದೋ ಮುಗಿದಿದೆ. ಅಂದರೆ ಮೊಬೈಲಿನಲ್ಲಿ ಇಡೀ ಸರಣಿಯನ್ನು ಒಂದು ರೂಪಾಯಿ ಖರ್ಚಿಲ್ಲದೆ, ಯಾವ ಅಳುಕೂ ಇಲ್ಲದೆ ಓದಬಹುದು. ಕೈಯಲ್ಲಿ ಹಣವಿಲ್ಲದ ವಿದ್ಯಾರ್ಥಿಗೆ ಇದು ಸಣ್ಣ ಮಾತಲ್ಲ.

ಸಣ್ಣ ಕಥೆಗಳೇ ಇದರ ಬಲ. ರಾಯಚೂರಿನಲ್ಲಿ ರೈಲು ಹತ್ತಿದರೆ ಗುಂತಕಲ್ ಬರುವಷ್ಟರಲ್ಲಿ ಎರಡು ಕಥೆಗಳನ್ನು ಮುಗಿಸಬಹುದು, ನಡುವೆ ಚಹಾದವನ ಕೂಗಿಗೆ ತಲೆಯೆತ್ತಿದರೂ ಎಳೆ ತಪ್ಪುವುದಿಲ್ಲ. 1892ರಲ್ಲಿ ಬಂದ ಮೊದಲ ಸಂಕಲನ, 12 ಕಥೆಗಳ ‘ದಿ ಅಡ್ವೆಂಚರ್ಸ್ ಆಫ್ ಷರ್ಲಾಕ್ ಹೋಮ್ಸ್’, ಆರಂಭಕ್ಕೆ ಸರಿಯಾದ ಜಾಗ. ಮೊದಲ ಕಾದಂಬರಿಯಿಂದ ಹೊರಟವರು ಅದರ ಎರಡನೆಯ ಭಾಗದಲ್ಲಿ ಕಥೆ ಇದ್ದಕ್ಕಿದ್ದಂತೆ ಅಮೆರಿಕದ ಮರುಭೂಮಿಗೆ ಹಾರುವುದನ್ನು ಕಂಡು ಪುಸ್ತಕ ಮುಚ್ಚಿಟ್ಟ ಉದಾಹರಣೆಗಳುಂಟು.

ಕೊರತೆಗಳನ್ನೂ ಹೇಳಬೇಕು. ಹೋಮ್ಸ್ ನೋಡಿದ್ದನ್ನೆಲ್ಲ ಓದುಗನಿಗೆ ತೋರಿಸುವುದಿಲ್ಲ; ಬೂಟಿನ ಕೆಸರನ್ನೋ ಸಿಗಾರಿನ ಬೂದಿಯನ್ನೋ ಅವನು ಕೊನೆಯಲ್ಲಿ ಜೇಬಿನಿಂದ ತೆಗೆದಂತೆ ತೆಗೆದು ಹೇಳುತ್ತಾನೆ, ನಾವು ವಾಟ್ಸನ್ನನ ಪಕ್ಕದಲ್ಲಿ ನಿಂತು ಬೆರಗಾಗಬೇಕಷ್ಟೆ. ಅವನ ಜೊತೆ ಸ್ಪರ್ಧೆಗಿಳಿಯಬೇಕೆನ್ನುವವರಿಗೆ ಈ ಸರಣಿ ನಿರಾಸೆ ತರುತ್ತದೆ. ಭಾರತದ ಬಗ್ಗೆ ಬರೆದಾಗಲಂತೂ ಲೇಖಕರ ಕೈ ಜಾರುತ್ತದೆ. ಭಾರತದಿಂದ ಒಯ್ದ ಪ್ರಾಣಿಯೊಂದು ಸಿಳ್ಳೆಗೆ ಓಗೊಡುವ ಪ್ರಸಿದ್ಧ ಕಥೆಯಿದೆ. ಪ್ರಾಣಿಯ ಹೆಸರು ಹೇಳಿದರೆ ಗುಟ್ಟು ರಟ್ಟಾಗುತ್ತದೆ, ಆದರೆ ನಮ್ಮ ಕಡೆ ಹೊಲದಲ್ಲಿ ರಾತ್ರಿ ನೀರು ಹಾಯಿಸಿ ಬಲ್ಲ ಯಾರಿಗೂ ಅದನ್ನು ಓದುವಾಗ ನಗು ತಡೆಯಲಾಗುವುದಿಲ್ಲ. ‘ದಿ ಸೈನ್ ಆಫ್ ಫೋರ್’ನಲ್ಲಿ ಅಂಡಮಾನಿನ ಮೂಲನಿವಾಸಿಯನ್ನು ಚಿತ್ರಿಸಿದ ರೀತಿಯನ್ನು ನೋಡಿದರೆ ಆ ನಗುವೂ ಬರುವುದಿಲ್ಲ. ಹಾಗಿದ್ದೂ ಮರುಓದಿನ ಪರೀಕ್ಷೆಯಲ್ಲಿ ಹೋಮ್ಸ್ ಸುಲಭವಾಗಿ ಗೆಲ್ಲುತ್ತಾನೆ. ಬೇಕರ್ ಸ್ಟ್ರೀಟಿನ ಆ ಕೋಣೆ, ಹೊರಗಿನ ಮಂಜು, ಮೆಟ್ಟಿಲು ಹತ್ತಿ ಬರುವ ಗಾಬರಿಯ ಕಕ್ಷಿದಾರ, ಇವು ಉತ್ತರ ಗೊತ್ತಿದ್ದರೂ ಹಳತಾಗುವುದಿಲ್ಲ.

ಪೊವಾರೊ: ಒಗಟೇ ಸರ್ವಸ್ವ

ಓದುಗನಿಗೆ ಎಲ್ಲ ಸುಳಿವುಗಳನ್ನೂ ಕಣ್ಣೆದುರಿಗೇ ಇಟ್ಟು, ಆದರೂ ಅವನು ಬೇರೆ ಕಡೆ ನೋಡುವಂತೆ ಮಾಡುವ ಕಲೆಯಲ್ಲಿ ಅಗಾಥಾ ಕ್ರಿಸ್ಟಿಯನ್ನು ಮೀರಿದವರಿಲ್ಲ. ಬೆಲ್ಜಿಯಮ್ಮಿನ ನಿರಾಶ್ರಿತ, ನಿವೃತ್ತ ಪೊಲೀಸ್ ಅಧಿಕಾರಿ ಹರ್ಕ್ಯೂಲ್ ಪೊವಾರೊ 1920ರಲ್ಲಿ ಮೊದಲು ಕಾಣಿಸಿಕೊಂಡು 33 ಕಾದಂಬರಿಗಳಲ್ಲಿ ನಡೆದುಬರುತ್ತಾನೆ. 1975ರಲ್ಲಿ ಅವನ ಕೊನೆಯ ಕಾದಂಬರಿ ‘ಕರ್ಟನ್’ ಬಂದಾಗ ನ್ಯೂಯಾರ್ಕ್ ಟೈಮ್ಸ್ ತನ್ನ ಮುಖಪುಟದಲ್ಲಿ ಈ ಕಾಲ್ಪನಿಕ ವ್ಯಕ್ತಿಯ ಮರಣವಾರ್ತೆಯನ್ನು ಪ್ರಕಟಿಸಿತು. ಕ್ರಿಸ್ಟಿ ಮೊದಲ ಮಹಾಯುದ್ಧದ ಕಾಲದಲ್ಲಿ ಆಸ್ಪತ್ರೆಯ ಔಷಧ ವಿಭಾಗದಲ್ಲಿ ಕೆಲಸ ಮಾಡಿದ್ದರು. ಅವರ ಕಥೆಗಳಲ್ಲಿ ವಿಷಪ್ರಾಶನ ಅಷ್ಟು ನಂಬುವಂತೆ ಬರುವುದಕ್ಕೆ ಆ ಅನುಭವವೇ ಕಾರಣ.

ಕನ್ನಡ ಮಾಧ್ಯಮದಲ್ಲಿ ಓದಿ ಈಗಷ್ಟೇ ಇಂಗ್ಲಿಷ್ ಕಾದಂಬರಿಗಳಿಗೆ ಕೈ ಹಾಕುತ್ತಿರುವವರಿಗೆ ನಾನು ಕೊಡುವುದು ಪೊವಾರೊ ಪುಸ್ತಕವನ್ನೇ. ಹೋಮ್ಸ್ ಕಥೆಗಳ ವಾಕ್ಯಗಳು ಹಳೆಯ ಕಾಲದ ಉದ್ದನೆಯ ವಾಕ್ಯಗಳು, ನಿಘಂಟು ಪಕ್ಕದಲ್ಲಿರಬೇಕು. ಕ್ರಿಸ್ಟಿಯವರಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಸಂಭಾಷಣೆ, ಪದಗಳೂ ಸರಳ, ಮುಂದೇನೆಂಬ ಕುತೂಹಲವೇ ಪುಟ ದಾಟಿಸುತ್ತದೆ. ಹೆಸರುಗಳು ಗೊಂದಲ ಮಾಡುತ್ತವೆ ಎನ್ನುವವರು ಮೊದಲ ಪುಟದಲ್ಲಿ ಪೆನ್ಸಿಲಿನಿಂದ ಪಾತ್ರಗಳ ಪಟ್ಟಿ ಬರೆದುಕೊಂಡರೆ ಆಯಿತು.

ಆದರೆ ಮರುಓದಿನ ಪ್ರಶ್ನೆಗೆ ಬಂದರೆ ಪೊವಾರೊ ಸರಣಿಯ ಹೆಚ್ಚಿನ ಪುಸ್ತಕಗಳು ಸೋಲುತ್ತವೆ. 1926ರ ‘ದಿ ಮರ್ಡರ್ ಆಫ್ ರೋಜರ್ ಅಕ್ರಾಯ್ಡ್’ ಎಂಥ ಓದುಗನನ್ನೂ ಒಮ್ಮೆ ಬೆಚ್ಚಿಬೀಳಿಸುತ್ತದೆ, ಎರಡನೆಯ ಓದಿನಲ್ಲಿ ಲೇಖಕಿಯ ಕೈಚಳಕವನ್ನು ಮೆಚ್ಚಬಹುದು, ಮೂರನೆಯದಕ್ಕೆ ಏನೂ ಉಳಿದಿರುವುದಿಲ್ಲ. ಇದಕ್ಕೆ ಹೊರತಾಗಿ ನಿಲ್ಲುವುದು 1942ರ ‘ಫೈವ್ ಲಿಟಲ್ ಪಿಗ್ಸ್’. ಹದಿನಾರು ವರ್ಷಗಳ ಹಿಂದೆ ನಡೆದು ಹೋದ ಕೊಲೆ, ಶಿಕ್ಷೆಯಾಗಿ ಸತ್ತುಹೋದ ಹೆಂಡತಿ, ಅದೇ ದಿನವನ್ನು ಐವರು ತಮ್ಮ ತಮ್ಮ ಮನಸ್ಸಿನ ವಕ್ರತೆಗೆ ತಕ್ಕಂತೆ ನೆನಪಿಸಿಕೊಳ್ಳುವ ರೀತಿ, ಇವೆಲ್ಲ ಒಗಟನ್ನು ದಾಟಿ ಮನುಷ್ಯರ ಬಳಿಗೆ ಬರುತ್ತವೆ. ಒಂದೇ ಪೊವಾರೊ ಪುಸ್ತಕ ಓದುತ್ತೇನೆ ಎನ್ನುವವರು ಇದನ್ನೇ ಓದಲಿ. ಕ್ರಮ ಪಾಲಿಸುವುದು ಕಡ್ಡಾಯವಲ್ಲ, ಆದರೆ ‘ಡಂಬ್ ವಿಟ್‌ನೆಸ್’ ಪುಸ್ತಕವನ್ನು ಬೇಗ ಓದಬಾರದು: ಅದರಲ್ಲಿ ಪೊವಾರೊ ಹಿಂದಿನ ಕೆಲವು ಪ್ರಕರಣಗಳ ಕೊಲೆಗಾರರ ಹೆಸರುಗಳನ್ನು ಮಾತಿನ ನಡುವೆ ಸಲೀಸಾಗಿ ಹೇಳಿಬಿಡುತ್ತಾನೆ. ‘ಕರ್ಟನ್’ ಕೊನೆಗೇ ಇರಲಿ.

ಕ್ರಿಸ್ಟಿಯವರ ಇನ್ನೊಂದು ಸರಣಿಯ ನಾಯಕಿ, ಹಳ್ಳಿಯ ಮುದುಕಿ ಮಿಸ್ ಮಾರ್ಪಲ್, 12 ಕಾದಂಬರಿಗಳಲ್ಲಿ ಬರುತ್ತಾಳೆ. ಓಣಿಯ ಕಟ್ಟೆಯ ಮೇಲೆ ಕುಳಿತೇ ಊರಿನ ಎಲ್ಲರ ಜಾತಕ ಬಲ್ಲ ಅಜ್ಜಿಯರನ್ನು ಕಂಡವರಿಗೆ ಅವಳ ಪತ್ತೆಯ ಪದ್ಧತಿಯನ್ನು ವಿವರಿಸಬೇಕಾಗಿಲ್ಲ.

ಬ್ಯೋಮಕೇಶ್: ನಮಗೆ ಹತ್ತಿರದ ಮನೆಗಳು

1993ರಲ್ಲಿ ದೂರದರ್ಶನದಲ್ಲಿ ಬಂದ ಬಾಸು ಚಟರ್ಜಿಯವರ ಧಾರಾವಾಹಿಯನ್ನು ನೋಡಿದ ತಲೆಮಾರಿಗೆ ಬ್ಯೋಮಕೇಶ್ ಬಕ್ಷಿಯ ಮುಖ ಪರಿಚಿತ. ಶರದಿಂದು ಬಂದ್ಯೋಪಾಧ್ಯಾಯರು 1932ರಲ್ಲಿ ಬಂಗಾಳಿಯಲ್ಲಿ ಆರಂಭಿಸಿದ ಈ ಸರಣಿಯಲ್ಲಿ 32 ಪೂರ್ಣ ಕಥೆಗಳಿವೆ. 1970ರಲ್ಲಿ ಲೇಖಕರು ತೀರಿಕೊಂಡಾಗ 33ನೆಯದು ಅಪೂರ್ಣವಾಗಿ ಉಳಿಯಿತು. ಪತ್ತೇದಾರ ಎಂದು ಕರೆಸಿಕೊಳ್ಳುವುದು ಬ್ಯೋಮಕೇಶನಿಗೆ ಇಷ್ಟವಿಲ್ಲ, ತನ್ನನ್ನು ಸತ್ಯಾನ್ವೇಷಿ ಎಂದು ಹೇಳಿಕೊಳ್ಳುತ್ತಾನೆ. ಕಥೆಗಳನ್ನು ಹೇಳುವವನು ಗೆಳೆಯ ಅಜಿತ್. ಇಬ್ಬರ ಪರಿಚಯವಾಗುವುದು ಕಲ್ಕತ್ತೆಯ ಒಂದು ಮೆಸ್ಸಿನಲ್ಲಿ. ನೌಕರಿಗಾಗಿ ಊರು ಬಿಟ್ಟ ಒಂಟಿ ಗಂಡಸರು, ಹಂಚಿಕೊಂಡ ಕೋಣೆ, ಒಂದೇ ಅಡುಗೆಯವನ ಊಟ, ಇಂಥ ಜಾಗದಲ್ಲಿ ಪಕ್ಕದ ಕೋಣೆಯವನು ಯಾರೆಂಬುದು ಯಾರಿಗೂ ಸರಿಯಾಗಿ ತಿಳಿದಿರುವುದಿಲ್ಲ ಎಂಬ ಸಣ್ಣ ಸತ್ಯದ ಮೇಲೆ ಆ ಕಥೆ ನಿಂತಿದೆ.

ಹೋಮ್ಸ್‌ಗೆ ಹೋಲಿಸಿದರೆ ಇಲ್ಲಿಯ ಅಪರಾಧಗಳು ನಮಗೆ ಹತ್ತಿರದವು. ದತ್ತು ಮಗನ ಹಕ್ಕು, ಉಯಿಲು, ಜಮೀನ್ದಾರರ ಮನೆಯ ಒಳಜಗಳ, ಮದುವೆಯ ಮಾತುಕತೆ ಇವುಗಳಿಗೆ ಟಿಪ್ಪಣಿ ಬೇಕಿಲ್ಲ. ಸಿಂಧನೂರಿನ ದೊಡ್ಡ ಮನೆತನವೊಂದರಲ್ಲಿ ನಡೆದದ್ದೆಂದರೂ ನಂಬಬಹುದು. ಬ್ಯೋಮಕೇಶ್ ಮದುವೆಯಾಗುತ್ತಾನೆ, ಸಂಸಾರಿಯಾಗುತ್ತಾನೆ, ಖರ್ಚಿನ ಲೆಕ್ಕ ಹಾಕುತ್ತಾನೆ. 1938ರ ಸುಮಾರಿಗೆ ಸಿನಿಮಾ ಬರವಣಿಗೆಗಾಗಿ ಮುಂಬಯಿಗೆ ಹೋದ ಲೇಖಕರು ಅನೇಕ ವರ್ಷ ಬಿಟ್ಟು 1950ರ ದಶಕದಲ್ಲಿ ಸರಣಿಗೆ ಮರಳಿದರು. ಆ ಅಂತರದ ನಂತರದ ಕಥೆಗಳೇ ನನಗೆ ಹೆಚ್ಚು ಇಷ್ಟ. ‘ಆದಿಮ ರಿಪು’ವಿನಲ್ಲಿ ದೇಶ ವಿಭಜನೆಯ ಹೊತ್ತಿನ ಗಲಭೆಯ ಕಲ್ಕತ್ತೆ ಬರೀ ಹಿನ್ನೆಲೆಯಾಗಿ ಉಳಿಯದೆ ನ್ಯಾಯ ಹೇಗೆ ನಡೆಯಬೇಕೆಂಬುದನ್ನೇ ಬದಲಿಸುತ್ತದೆ. ಕಥೆಗಳ ಗುಣಮಟ್ಟ ಏರುಪೇರು, ಕಾಮದ ಸುತ್ತ ಹೆಣೆದ ಅಪರಾಧಗಳು ಹಲವು, ಆದ್ದರಿಂದ ಚಿಕ್ಕ ಮಕ್ಕಳಿಗೆ ಕೊಡುವ ಪುಸ್ತಕ ಇದಲ್ಲ. ಮಕ್ಕಳಿಗೆ ಸತ್ಯಜಿತ್ ರಾಯ್ ಅವರ ಫೆಲೂದಾ ಇದ್ದಾನೆ. 1965ರಲ್ಲಿ ‘ಸಂದೇಶ್’ ಎಂಬ ಮಕ್ಕಳ ಪತ್ರಿಕೆಯಲ್ಲಿ ಆರಂಭವಾದ ಆ ಕಥೆಗಳನ್ನು ಹತ್ತು ಹನ್ನೆರಡರ ಮಕ್ಕಳು ಒಂದೇ ಏಟಿಗೆ ಓದಿ ಮುಗಿಸುತ್ತಾರೆ.

ಮೇಗ್ರೆ

ಜಾರ್ಜ್ ಸಿಮೆನಾನ್ ಅವರ ಪ್ಯಾರಿಸ್ ಪೊಲೀಸ್ ಅಧಿಕಾರಿ ಮೇಗ್ರೆಯ ಬಗ್ಗೆ ಸ್ವಲ್ಪದರಲ್ಲಿ ಹೇಳಿಬಿಡಬಹುದು, ಏಕೆಂದರೆ ಅವನು ಹಿಡಿಸಿದರೆ ಮೊದಲ ಐವತ್ತು ಪುಟಗಳಲ್ಲಿ ಹಿಡಿಸುತ್ತಾನೆ, ಇಲ್ಲವಾದರೆ ಎಂದಿಗೂ ಇಲ್ಲ. 1931ರಿಂದ 1972ರವರೆಗೆ 75 ಕಾದಂಬರಿಗಳು, ಎಲ್ಲವೂ ತೆಳ್ಳನೆಯವು. ಮೇಗ್ರೆ ಪುರಾವೆ ಹುಡುಕುವುದಕ್ಕಿಂತ ಹೆಚ್ಚಾಗಿ ಕೊಲೆಯಾದ ಮನೆಯಲ್ಲಿ, ಬೀದಿಯ ಹೋಟೆಲಿನಲ್ಲಿ ಪೈಪು ಸೇದುತ್ತ ಕುಳಿತು ಅಲ್ಲಿನ ಗಾಳಿಯನ್ನು ಒಳಗೆಳೆದುಕೊಳ್ಳುತ್ತಾನೆ. ಸತ್ತವನು ಎಂಥವನಿದ್ದ ಎಂದು ತಿಳಿದರೆ ಕೊಂದವನು ತಾನಾಗಿ ಕಾಣಿಸುತ್ತಾನೆ ಎಂಬುದು ಅವನ ನಂಬಿಕೆ. ಒಗಟುಪ್ರಿಯರಿಗೆ ಇದು ಸಪ್ಪೆ. ಕ್ರಮ ಬೇಕಿಲ್ಲ, ಒಂದು ರಜೆಯ ಮಧ್ಯಾಹ್ನಕ್ಕೆ ಒಂದು ಪುಸ್ತಕ ಸರಿಹೋಗುತ್ತದೆ. ಸಿಕ್ಕ ಸಿಕ್ಕ ಪುಸ್ತಕ ತಂದು ಓದುವವರಿಗೆ ಹೇಳಿ ಮಾಡಿಸಿದ ಸರಣಿ.

ಮಾರ್ಟಿನ್ ಬೆಕ್: ನನ್ನ ಮತ ಇದಕ್ಕೆ

ಸ್ವೀಡನ್ನಿನ ಮಾಯ್ ಶೊವಾಲ್ ಮತ್ತು ಪೇರ್ ವಾಲೂ ಎಂಬ ದಂಪತಿಯಂತೆ ಬಾಳಿದ ಇಬ್ಬರು ಪತ್ರಕರ್ತರು ಮಕ್ಕಳನ್ನು ಮಲಗಿಸಿದ ಮೇಲೆ ರಾತ್ರಿ ಕುಳಿತು, ಒಂದೊಂದು ಅಧ್ಯಾಯವನ್ನು ಒಬ್ಬೊಬ್ಬರಂತೆ ಬರೆದು, 1965ರಿಂದ 1975ರೊಳಗೆ ಸ್ಟಾಕ್‌ಹೋಮಿನ ಪೊಲೀಸ್ ಅಧಿಕಾರಿ ಮಾರ್ಟಿನ್ ಬೆಕ್‌ನ 10 ಕಾದಂಬರಿಗಳನ್ನು ಮುಗಿಸಿದರು. ಹತ್ತು ಎಂಬುದು ಮೊದಲೇ ಹಾಕಿಕೊಂಡ ಲೆಕ್ಕ. ಪ್ರತಿಯೊಂದಕ್ಕೂ 30 ಅಧ್ಯಾಯಗಳು, ಹತ್ತೂ ಸೇರಿ ಒಂದೇ ದೊಡ್ಡ ಕಾದಂಬರಿ ಎಂಬುದು ಅವರ ಯೋಜನೆ. ಕೊನೆಯದು ಪ್ರಕಟವಾದ ವರ್ಷವೇ ವಾಲೂ ತೀರಿಕೊಂಡರು. ಇಂದು ಉತ್ತರ ಯುರೋಪಿನ ಅಪರಾಧ ಕಾದಂಬರಿಗಳೆಂದು ಜಗತ್ತಿನಾದ್ಯಂತ ಓದುವ ಸಾಹಿತ್ಯ ಬಹುಮಟ್ಟಿಗೆ ಇವರು ಹಾಕಿದ ದಾರಿಯಲ್ಲಿಯೇ ನಡೆದಿದೆ.

ಮೊದಲ ಕಾದಂಬರಿ ‘ರೋಸೆಆನ್ನಾ’ ಆರಂಭವಾಗುವುದು ಒಂದು ಕಾಲುವೆಯಲ್ಲಿ. ಹೂಳೆತ್ತುವ ಯಂತ್ರದ ಬಕೆಟ್ಟಿನಲ್ಲಿ ಹೆಣ್ಣಿನ ಶವವೊಂದು ಮೇಲೆ ಬರುತ್ತದೆ. ಮೈಮೇಲೆ ಬಟ್ಟೆಯಿಲ್ಲ, ಒಡವೆಯಿಲ್ಲ, ಕಾಣೆಯಾದವರ ಯಾವ ಪಟ್ಟಿಗೂ ಅವಳು ಹೊಂದುವುದಿಲ್ಲ. ಇದನ್ನು ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆಯಲ್ಲಿ ಕುಳಿತು ಓದುವ ಅನುಭವವೇ ಬೇರೆ. ಕಾಲುವೆಯಲ್ಲಿ ತೇಲಿಬಂದ ಅಪರಿಚಿತ ಶವದ ಬಗ್ಗೆ ನಮ್ಮ ಪತ್ರಿಕೆಗಳ ಒಳಪುಟದಲ್ಲಿ ಬರುವ ನಾಲ್ಕು ಸಾಲಿನ ಪೊಲೀಸ್ ಪ್ರಕಟಣೆಗಳನ್ನು ಗಂಗಾವತಿ, ಸಿಂಧನೂರು, ಮಾನ್ವಿಯ ಓದುಗರೆಲ್ಲ ಕಂಡಿದ್ದಾರೆ: ಇಷ್ಟು ಅಡಿ ಎತ್ತರ, ಗೋಧಿ ಮೈಬಣ್ಣ, ಕೋಲು ಮುಖ, ಬಲಗೈಯಲ್ಲಿ ಹಚ್ಚೆ, ವಾರಸುದಾರರಿದ್ದಲ್ಲಿ ಠಾಣೆಯನ್ನು ಸಂಪರ್ಕಿಸಬೇಕು. ಹೆಚ್ಚಿನ ಅಪರಾಧ ಕಾದಂಬರಿಗಳಲ್ಲಿ ಈ ನಾಲ್ಕು ಸಾಲು ದಾಟಲು ಎರಡು ಪುಟ ಸಾಕು. ಇಲ್ಲಿ ಆ ಹೆಂಗಸಿಗೆ ಒಂದು ಹೆಸರು ಸಿಗಲು ತಿಂಗಳುಗಳೇ ಹಿಡಿಯುತ್ತವೆ, ಮತ್ತು ಆ ಹೆಸರು ಸಮುದ್ರದಾಚೆಯ ಅಮೆರಿಕದಿಂದ ಬರಬೇಕಾಗುತ್ತದೆ. ಅವಳು ಪ್ರವಾಸಿ ಹಡಗೊಂದರಲ್ಲಿ ಇದ್ದಳೆಂದು ಗೊತ್ತಾದ ಮೇಲೆ, ಬೇರೆ ಬೇರೆ ದೇಶಗಳಿಗೆ ಚದುರಿಹೋದ ಪ್ರಯಾಣಿಕರಿಂದ ಅವರು ತೆಗೆದ ಫೋಟೋಗಳನ್ನೂ ಸಣ್ಣ ಫಿಲ್ಮುಗಳನ್ನೂ ಒಂದೊಂದಾಗಿ ತರಿಸಿಕೊಂಡು, ಅವುಗಳಲ್ಲಿ ಅವಳ ಪಕ್ಕದಲ್ಲಿ ಯಾರು ನಿಂತಿದ್ದಾರೆಂದು ಪೊಲೀಸರು ಕಣ್ಣು ನೋಯುವಂತೆ ಹುಡುಕುತ್ತಾರೆ. ಕಾಗದ ಬರೆಯುವುದು, ಉತ್ತರಕ್ಕಾಗಿ ಕಾಯುವುದು, ಬಂದ ಉತ್ತರದಲ್ಲಿ ಏನೂ ಇಲ್ಲದಿರುವುದು, ಮತ್ತೆ ಬರೆಯುವುದು. ಇಷ್ಟನ್ನೇ ಇಟ್ಟುಕೊಂಡು ಒಬ್ಬ ಲೇಖಕ ಓದುಗನನ್ನು ರಾತ್ರಿ ಎರಡರವರೆಗೆ ಎಚ್ಚರವಾಗಿಡಬಲ್ಲನೆಂದು ಓದುವ ಮೊದಲು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ.

ಹೋಮ್ಸ್, ಪೊವಾರೊ ಇಬ್ಬರೂ ಅಸಾಮಾನ್ಯರು, ಒಂಟಿಯಾಗಿ ಗೆಲ್ಲುವವರು. ಮಾರ್ಟಿನ್ ಬೆಕ್ ಸರ್ಕಾರಿ ನೌಕರ. ಅವನಿಗೆ ಹೊಟ್ಟೆಯ ತೊಂದರೆ, ಬಿಡದ ನೆಗಡಿ, ಹಳಸಿಹೋದ ದಾಂಪತ್ಯ. ಬಿಡುವಿನಲ್ಲಿ ಹಡಗಿನ ಮಾದರಿಗಳನ್ನು ಜೋಡಿಸುತ್ತಾನೆ. ಅವನ ಜೊತೆಯವರೂ ಅವನಷ್ಟೇ ಮುಖ್ಯರು. ಬಂದೂಕು ಮುಟ್ಟಲೊಲ್ಲದ ಕೋಲ್‌ಬೆರಿ, ಒರಟ ಗುನ್ವಾಲ್ಡ್ ಲಾರ್ಸನ್, ಓದಿದ್ದನ್ನು ಒಂದನ್ನೂ ಮರೆಯದ ಆದರೆ ಬೇಕಾದ ಹೊತ್ತಿಗೆ ಸದಾ ಶೌಚಾಲಯದಲ್ಲಿರುವ ಮೆಲಾಂಡರ್, ಇವರೆಲ್ಲ ಹತ್ತು ಪುಸ್ತಕಗಳುದ್ದಕ್ಕೂ ವಯಸ್ಸಾಗುತ್ತಾರೆ, ಜಗಳವಾಡುತ್ತಾರೆ, ಕೆಲಸದ ಮೇಲೆ ಬೇಸರಪಡುತ್ತಾರೆ. ಮೇಲಧಿಕಾರಿಯ ಪತ್ರಿಕಾಗೋಷ್ಠಿಗೂ ಕೆಳಗಿನವರ ನಿದ್ದೆಗೇಡಿಗೂ ಇರುವ ದೂರವನ್ನು ಸರ್ಕಾರಿ ಕಚೇರಿಯಲ್ಲಿ ದುಡಿದ ಯಾರಾದರೂ ಗುರುತಿಸುತ್ತಾರೆ.

ನಾಲ್ಕನೆಯ ಕಾದಂಬರಿ ‘ದಿ ಲಾಫಿಂಗ್ ಪೊಲೀಸ್‌ಮನ್’ ಸರಣಿಯ ಶಿಖರ. 1967ರ ನವೆಂಬರ್ ತಿಂಗಳ ಮಳೆಯ ರಾತ್ರಿ, ನಗರದ ಪೊಲೀಸರೆಲ್ಲ ವಿಯೆಟ್ನಾಂ ಯುದ್ಧದ ವಿರುದ್ಧದ ಮೆರವಣಿಗೆಯನ್ನು ತಡೆಯುತ್ತಿರುವಾಗ, ಸ್ಟಾಕ್‌ಹೋಮಿನ ಡಬಲ್ ಡೆಕ್ಕರ್ ಬಸ್ಸೊಂದರಲ್ಲಿ ಒಂಬತ್ತು ಜನರ ಮೇಲೆ ಯಾರೋ ಗುಂಡು ಹಾರಿಸುತ್ತಾರೆ. ಸತ್ತವರಲ್ಲಿ ಬೆಕ್‌ನ ವಿಭಾಗದ ಯುವ ಪೊಲೀಸನೊಬ್ಬನಿದ್ದಾನೆ, ಅವನು ಆ ಬಸ್ಸಿನಲ್ಲಿ ಏಕಿದ್ದನೆಂದು ಯಾರಿಗೂ ಗೊತ್ತಿಲ್ಲ. ಇದಕ್ಕಿಂತ ಹೆಚ್ಚು ಹೇಳಿದರೆ ಅನ್ಯಾಯವಾದೀತು. ಇದರ ಇಂಗ್ಲಿಷ್ ಅನುವಾದಕ್ಕೆ 1971ರಲ್ಲಿ ಅಮೆರಿಕದ ಎಡ್ಗರ್ ಪ್ರಶಸ್ತಿ ಬಂತು.

ಈ ಸರಣಿಯ ವಿರುದ್ಧ ಹೇಳುವುದಕ್ಕೂ ಇದೆ. ಲೇಖಕರಿಬ್ಬರೂ ಎಡಪಂಥೀಯರು, ಸುಖೀ ರಾಜ್ಯವೆಂದು ಹೆಸರಾದ ಸ್ವೀಡನ್ ತನ್ನ ಬಡವರನ್ನು ಹೇಗೆ ನಡೆಸಿಕೊಳ್ಳುತ್ತಿದೆ, 1965ರಲ್ಲಿ ರಾಷ್ಟ್ರೀಕರಣಗೊಂಡ ಪೊಲೀಸ್ ವ್ಯವಸ್ಥೆ ಹೇಗೆ ಕೆಡುತ್ತಿದೆ ಎಂದು ತೋರಿಸುವುದು ಅವರ ಗುರಿ. ಮೊದಲ ಐದು ಪುಸ್ತಕಗಳಲ್ಲಿ ಇದು ಕಥೆಯೊಳಗೇ ಕರಗಿದೆ. ಆರನೆಯದರಿಂದ ಮುಂದೆ ಕೆಲವು ಪುಟಗಳು ನೇರ ಭಾಷಣವಾಗುತ್ತವೆ, ಅಲ್ಲಿ ನಾನೂ ಕಣ್ಣೋಡಿಸಿ ಮುಂದೆ ಹೋಗುತ್ತೇನೆ. ಬೇಗನೆ ರೋಮಾಂಚನ ಬೇಕೆನ್ನುವವರಿಗೆ ಮೊದಲ ನೂರು ಪುಟಗಳು ಭಾರವಾಗುತ್ತವೆ. ಊರುಗಳ, ಬೀದಿಗಳ ಹೆಸರುಗಳು ನಾಲಿಗೆಗೆ ಹೊರಳುವುದಿಲ್ಲ. ನಾನು ಓದಿದ್ದು ಇಂಗ್ಲಿಷ್ ಅನುವಾದದಲ್ಲಿ. ವಾಕ್ಯಗಳು ಚಿಕ್ಕವು, ಪೊಲೀಸ್ ವರದಿಯಂತೆ ಒಣಗಿದವು, ಆದ್ದರಿಂದ ಭಾಷೆ ಕಷ್ಟವೆನಿಸುವುದಿಲ್ಲ.

ಯಾರಿಗೆ ಯಾವುದು

ಪುಸ್ತಕ ಹಿಡಿದು ವರ್ಷಗಳಾದವರು, ಮೊಬೈಲಿನಿಂದ ಕಣ್ಣು ತೆಗೆಯಲಾರದವರು ಹೋಮ್ಸ್ ಸಣ್ಣ ಕಥೆಗಳಿಂದ ಅಥವಾ ಕೈಗೆ ಸಿಕ್ಕ ನರಸಿಂಹಯ್ಯನವರ ಕಾದಂಬರಿಯಿಂದ ಹೊರಡಲಿ. ಇಂಗ್ಲಿಷ್ ಸುಧಾರಿಸಿಕೊಳ್ಳುವುದೂ ಆಗಬೇಕು, ಕಥೆಯೂ ಬೇಕು ಎನ್ನುವ ಕಾಲೇಜಿನ ಹುಡುಗ ಹುಡುಗಿಯರಿಗೆ ಪೊವಾರೊ. ಮನೆಯಲ್ಲಿ ಮೂರು ತಲೆಮಾರಿನವರು ಒಂದೇ ಪುಸ್ತಕವನ್ನು ಸರದಿಯ ಮೇಲೆ ಓದಿ ಊಟದ ಹೊತ್ತಿಗೆ ಚರ್ಚಿಸುವ ಪದ್ಧತಿಯಿದ್ದರೆ ಬ್ಯೋಮಕೇಶ್ ಚಿಕ್ಕ ಮಕ್ಕಳನ್ನು ಬಿಟ್ಟು ಎಲ್ಲರಿಗೂ ಸಲ್ಲುತ್ತಾನೆ, ಹಿರಿಯರಿಗೆ ಅದರಲ್ಲಿ ತಮ್ಮ ಕಾಲ ಕಾಣುತ್ತದೆ. ದಿನದ ಕೆಲಸದಿಂದ ದಣಿದು ಬಂದು ಗದ್ದಲವಿಲ್ಲದ ಓದು ಬೇಕೆನ್ನುವವರಿಗೆ ಮೇಗ್ರೆ. ಒಂದು ವರ್ಷವನ್ನು ಒಂದೇ ಸರಣಿಗೆ ಕೊಡಲು ಸಿದ್ಧರಿರುವವರಿಗೆ, ವಿಶೇಷವಾಗಿ ಪೊಲೀಸ್, ಕೋರ್ಟು, ಕಂದಾಯ, ಆಸ್ಪತ್ರೆ, ಪತ್ರಿಕೆ ಇಂಥ ಕಡೆ ದುಡಿದು ಕಡತಗಳ ನಡುವೆ ಮನುಷ್ಯರನ್ನು ಕಂಡವರಿಗೆ, ನಾನು ಮಾರ್ಟಿನ್ ಬೆಕ್ ಅನ್ನೇ ಹೇಳುತ್ತೇನೆ. ನಮ್ಮ ಮೇ ತಿಂಗಳಲ್ಲಿ, ಪಾರಾ ನಲವತ್ತು ದಾಟಿ ಮಧ್ಯಾಹ್ನ ಹೊರಗೆ ಕಾಲಿಡಲಾಗದ ದಿನಗಳಲ್ಲಿ, ಸ್ವೀಡನ್ನಿನ ಆ ಹಿಮ ಮತ್ತು ಜಿಟಿಜಿಟಿ ಮಳೆಯನ್ನು ಓದುವುದರಲ್ಲಿ ಬೇರೆಯದೇ ಸುಖವಿದೆ ಎಂಬುದನ್ನೂ ಸೇರಿಸಬಹುದು.

ಕೊಳ್ಳುವಾಗ ಒಂದು ಎಚ್ಚರಿಕೆ. ಮೇಗ್ರೆ, ಹೋಮ್ಸ್, ಬ್ಯೋಮಕೇಶ್ ಸರಣಿಗಳಲ್ಲಿ ನಡುವಿನ ಪುಸ್ತಕ ಮೊದಲು ಸಿಕ್ಕರೂ ನಷ್ಟವಿಲ್ಲ. ಬೆಕ್ ಸರಣಿಯಲ್ಲಿ ಹಾಗಲ್ಲ. ಏಳನೆಯದಾದ ‘ದಿ ಅಬಾಮಿನಬಲ್ ಮ್ಯಾನ್’ನ ಕೊನೆಯಲ್ಲಿ ನಡೆದದ್ದರ ಪರಿಣಾಮದಿಂದಲೇ ಎಂಟನೆಯದಾದ ‘ದಿ ಲಾಕ್ಡ್ ರೂಮ್’ ಹೊರಡುತ್ತದೆ, ಆದ್ದರಿಂದ ಇವೆರಡನ್ನು ಜೊತೆಯಾಗಿಯೇ ತರಿಸಬೇಕು. ಒಂಬತ್ತನೆಯದಾದ ‘ಕಾಪ್ ಕಿಲ್ಲರ್’ನಲ್ಲಿ ಮೊದಲೆರಡು ಕಾದಂಬರಿಗಳ ಅಪರಾಧಿಗಳೇ ಮತ್ತೆ ಕಾಣಿಸಿಕೊಳ್ಳುತ್ತಾರೆ, ಹಳೆಯ ಪುಸ್ತಕದ ರಾಶಿಯಲ್ಲಿ ಅದು ಎಷ್ಟು ಅಗ್ಗಕ್ಕೆ ಸಿಕ್ಕರೂ ತಂದು ಕಪಾಟಿನಲ್ಲಿಟ್ಟು, ‘ರೋಸೆಆನ್ನಾ’ ಮತ್ತು ‘ದಿ ಮ್ಯಾನ್ ಹೂ ವೆಂಟ್ ಅಪ್ ಇನ್ ಸ್ಮೋಕ್’ ಕೈಸೇರುವವರೆಗೆ ಅದರ ಹಿಂಬದಿಯ ರಕ್ಷಾಪುಟವನ್ನು ಕೂಡ ಓದದಿರುವುದು ಒಳಿತು. ಆರನೆಯದಾದ ‘ಮರ್ಡರ್ ಅಟ್ ದಿ ಸವಾಯ್’ ಮಾತ್ರ ಸಿಗದೆ ಹೋದರೆ ಅದಕ್ಕಾಗಿ ಕಾಯದೆ ಮುಂದಿನದಕ್ಕೆ ಹೋಗಬಹುದು.